ಒರಳಿನ ರುಚಿ, ಅಮ್ಮನ ಕೈ

ಅಡಿಗೆಮನೇಲಿ ದಿನಾ ಉಪಯೋಗಕ್ಕೆ ಬರೋದು ಯಾವುದು ಅಂದ್ರೆ ಮೊದಲೆಲ್ಲ ಕುಕ್ಕರ್ ಅಂತಿದ್ದೆ. ಒಳಗಿನ ಒತ್ತಡಕ್ಕೆ ನೀರು 100ರ ಬದಲು ಸುಮಾರು 120 ಡಿಗ್ರಿಯಲ್ಲಿ ಕುದಿಯುತ್ತೆ, ಬೇಳೆ ಬೇಗ ಬೇಯುತ್ತೆ. ಇಂಜಿನಿಯರ್ ಬುದ್ಧಿ ನೋಡಿ!

ಈಗ ನನ್ನ ಓಟು ಗ್ರೈಂಡರಿಗೆ. ಮಿಕ್ಸಿ ಬ್ಲೇಡಿನ ವೇಗಕ್ಕೆ ಹಿಟ್ಟು ಬಿಸಿಯಾಗುತ್ತೆ. ಗ್ರೈಂಡರಿನ ಕಲ್ಲು ನಿಧಾನ, ಉದ್ದಿನ ಹಿಟ್ಟು ಚೆನ್ನಾಗಿ ಉಬ್ಬುತ್ತೆ.

"ಒರಳಲ್ಲಿ ರುಬ್ಬಿದ್ರೆ ಇಡ್ಲಿ ರುಚಿಯೇ ಬೇರೆ ಕಣಮ್ಮಾ" ಅಂತ ಊರಿಗೆ ಹೋದಾಗಲೆಲ್ಲ ಹೇಳ್ತಿದ್ದವನು ನಾನೇ. ಕಳೆದ ದೀಪಾವಳಿಗೆ ರುಬ್ಬುಗುಂಡು ನಾನೇ ಹಿಡಿದೆ. ಹತ್ತೇ ನಿಮಿಷ, ತೋಳು ಸೋತುಹೋಯ್ತು. ಆಗ ಅಮ್ಮ ಮೆಲ್ಲಗೆ, "ನಂಗೂ ಎರಡು ವರ್ಷದಿಂದ ಮಣಿಕಟ್ಟು ನೋವು ಕಣೋ" ಅಂದಳು.

ಮಾರನೇ ದಿನವೇ ಗ್ರೈಂಡರ್ ತಂದೆ. ಇಡ್ಲಿ ರುಚೀಲಿ ನಂಗೇನೂ ವ್ಯತ್ಯಾಸ ಗೊತ್ತಾಗ್ಲಿಲ್ಲ. ಅಷ್ಟು ದಿನ ಅಮ್ಮನ ಕೈ ಕಡೆ ನೋಡ್ಲೇ ಇಲ್ವಲ್ಲಾ ಅನ್ನೋದೇ ಬೇಜಾರು..