ನದಿ, ನಾರು ಮತ್ತು ಚರಿತ್ರೆಕಾರ

ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಯಲ್ಲಿ ಅಮಾವಾಸ್ಯೆಯ ದಿನ ತುಂಗಭದ್ರೆಯ ದಡ ಜನರಿಂದ ತುಂಬಿರುತ್ತದೆ. ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಗೆ ಹರಕೆ ಹೊತ್ತು ಬಂದವರು, ಗಾಳಿ ಸೋಕಿತೆಂದು ಮನೆಯವರು ಕರೆತಂದವರು ಹೊಳೆಯಲ್ಲಿ ಮಿಂದು, ಉಟ್ಟ ಬಟ್ಟೆಯನ್ನು ನೀರಿಗೇ ಬಿಟ್ಟು ಹೋಗುತ್ತಾರೆ. ಕಾಡಿದ್ದು ಬಟ್ಟೆಯೊಡನೆ ಹರಿದುಹೋಗಲಿ ಎಂಬುದು ನಂಬಿಕೆ. ಹೊಳೆ ಅಲ್ಲಿಂದ ಹರಿಹರಕ್ಕೆ ಬಂದು, ಸೂಳೆಕೆರೆಯಿಂದ ಹೊರಟ ಹರಿದ್ರೆಯನ್ನು ಕೂಡಿಕೊಳ್ಳುತ್ತದೆ. ಎದುರು ದಡದ ಕುಮಾರಪಟ್ಟಣದಲ್ಲಿ ಮರದ ತಿರುಳಿನಿಂದ ಬಟ್ಟೆಯ ನಾರನ್ನು ತಯಾರಿಸುವ ಕಾರ್ಖಾನೆಗಳಿವೆ. ಮೇಲುಹರಿವಿನಲ್ಲಿ ಉಟ್ಟು ಬಿಟ್ಟ ಬಟ್ಟೆ, ಕೆಳಹರಿವಿನಲ್ಲಿ ಬಟ್ಟೆ ಇನ್ನೂ ಬಟ್ಟೆಯಾಗುವ ಮೊದಲಿನ ತ್ಯಾಜ್ಯ. ಒಂದೇ ಹೊಳೆ ಎರಡನ್ನೂ ಹೊತ್ತಿದೆ.

ಇವುಗಳಲ್ಲಿ ಎರಡನೆಯದು ಭಾರತದ ಪರಿಸರ ಚರಿತ್ರೆಯ ಭಾಗವಾಯಿತು. ಅದನ್ನು ಹಾಗೆ ದಾಖಲಿಸಿದವರಲ್ಲಿ ರಾಮಚಂದ್ರ ಗುಹಾ ಪ್ರಮುಖರು. 1958ರಲ್ಲಿ ಡೆಹ್ರಾಡೂನಿನಲ್ಲಿ ಹುಟ್ಟಿದ ಗುಹಾ ಮೊದಲು ಓದಿದ್ದು ಅರ್ಥಶಾಸ್ತ್ರ. ಕಲ್ಕತ್ತೆಯ ಸಂಶೋಧನೆಯಲ್ಲಿ ಚಿಪ್ಕೋ ಚಳವಳಿಯ ಬೇರುಗಳನ್ನು ಅರಸಿದ ಮೇಲೆ ಅವರು ಚರಿತ್ರೆಕಾರರಾದರು. 1989ರ 'ದಿ ಅನ್‌ಕ್ವೈಟ್ ವುಡ್ಸ್' ಆ ಶೋಧದ ಫಲ. ಮುಂದೆ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರೊಡನೆ 1992ರಲ್ಲಿ 'ದಿಸ್ ಫಿಶರ್ಡ್ ಲ್ಯಾಂಡ್', 1995ರಲ್ಲಿ 'ಇಕಾಲಜಿ ಅಂಡ್ ಈಕ್ವಿಟಿ' ಬರೆದರು. ವಿದೇಶಗಳ ವಿಶ್ವವಿದ್ಯಾಲಯಗಳಲ್ಲಿ ಪಾಠ ಹೇಳಿದರೂ ಅವರ ಬರವಣಿಗೆ ತರಗತಿಗೆ ಸೀಮಿತವಾಗಲಿಲ್ಲ. ಪತ್ರಿಕೆಯ ಅಂಕಣಗಳ ಮೂಲಕ ಸಾಮಾನ್ಯ ಓದುಗರನ್ನೂ ತಲುಪಿತು.

ಹರಿಹರ ಪಾಲಿಫೈಬರ್ಸ್ ಪ್ರಕರಣ ಈ ಅಧ್ಯಯನಗಳಿಗೆ ಒದಗಿದ ಗಟ್ಟಿ ಸಾಕ್ಷ್ಯ. 1984ರ ಹೊತ್ತಿಗೆ ಕೆಳದಂಡೆಯಲ್ಲಿ ಮೀನುಗಳು ಸತ್ತು ತೇಲತೊಡಗಿದಾಗ ಮೀನುಗಾರರೂ ರೈತರೂ ಎಚ್ಚೆತ್ತರು. ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಅವರೊಡನೆ ನಿಂತಿತು. ವಿಷಯ ಹೈಕೋರ್ಟಿಗೂ ಹೋಯಿತು. ಅದೇ ಕಾರ್ಖಾನೆಗೆ ಕಚ್ಚಾವಸ್ತು ಒದಗಿಸಲು ಸರ್ಕಾರದ ಸಹಭಾಗಿತ್ವದಲ್ಲಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿ ಸ್ಥಾಪನೆಯಾಗಿ, ಸುಮಾರು 30,000 ಹೆಕ್ಟೇರು ಸಾಮುದಾಯಿಕ ಭೂಮಿಯಲ್ಲಿ ನೀಲಗಿರಿ ಬೆಳೆಯುವ ಯೋಜನೆ ಸಿದ್ಧವಾಯಿತು. ಇದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಶಿವರಾಮ ಕಾರಂತರೂ ಇದ್ದರು. 1987ರ ನವೆಂಬರ್ 14ರಂದು ಕುಸನೂರಿನ ಜನ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟರು. 'ಕಿತ್ತಿಕೋ ಹಚ್ಚಿಕೋ' ಎಂಬ ಆ ಸತ್ಯಾಗ್ರಹದ ಹೆಸರೇ ಒಂದು ವಾದ; ಯಾವ ಪಾರಿಭಾಷಿಕ ಪದವೂ ಅಷ್ಟು ಚಿಕ್ಕದಾಗಿ ಅದನ್ನು ಹೇಳಲಾರದು. 1991ರಲ್ಲಿ ಕಂಪನಿ ಮುಚ್ಚಿತು.

ಪರಿಸರ ಕಾಳಜಿ ಹೊಟ್ಟೆ ತುಂಬಿದವರ ಹವ್ಯಾಸವಲ್ಲ, ಬಡವರ ಬದುಕಿನ ಪ್ರಶ್ನೆ ಎಂಬ ಗುಹಾ ಅವರ ನಿಲುವಿಗೆ ತುಂಗಭದ್ರೆಯ ಬಲವೂ ಇದೆ. ಎಲ್ಲವನ್ನೂ ನುಂಗುವ ಸರ್ವಭಕ್ಷಕರು, ನೆಲಜಲಗಳನ್ನೇ ನಂಬಿದ ಜನ, ಅವು ಕೈತಪ್ಪಿ ಊರು ಬಿಟ್ಟ ಪರಿಸರ ನಿರಾಶ್ರಿತರು ಎಂಬ ಅವರಿಬ್ಬರ ವಿಂಗಡಣೆ ಕುಮಾರಪಟ್ಟಣದ ದಡಕ್ಕೆ ಚೆನ್ನಾಗಿ ಹೊಂದುತ್ತದೆ. ಉಕ್ಕಡಗಾತ್ರಿಯಲ್ಲಿ ಅದು ತಡವರಿಸುತ್ತದೆ. ಬಟ್ಟೆ ಬಿಡುವವಳು ಬಹುಪಾಲು ಬಡವಳೇ. ಅವಳಿಗೆ ಹೊಳೆಯ ಬಗ್ಗೆ ತಾತ್ಸಾರವಿಲ್ಲ. ಎಲ್ಲವನ್ನೂ ಒಯ್ಯಬಲ್ಲ ತಾಯಿ ಎಂಬ ಅತಿಯಾದ ವಿಶ್ವಾಸವೇ ಇದೆ. ಹತ್ತಿಯ ಸೀರೆಯನ್ನು ಹೊಳೆ ಕೊಳೆಸಿ ಅರಗಿಸಿಕೊಳ್ಳಬಲ್ಲದು. ಪಾಲಿಯೆಸ್ಟರನ್ನು ಅದು ಅರಗಿಸಿಕೊಳ್ಳಲಾರದು. ನಂಬಿಕೆ ಬದಲಾಗಲಿಲ್ಲ, ನಾರು ಬದಲಾಯಿತು. ಇಲ್ಲಿ ಅಪರಾಧಿಯನ್ನು ಹುಡುಕುವ ಚರಿತ್ರೆ ಸೋಲುತ್ತದೆ.

ಇದನ್ನು ಗುಹಾ ಅವರ ಕೊರತೆಯೆಂದು ಎಣಿಸುವುದು ಅವಸರದ ಮಾತಾದೀತು. ಕಾರ್ಖಾನೆಯ ವಿರುದ್ಧದ ಹೋರಾಟ ಅರ್ಜಿ, ವರದಿ, ತೀರ್ಪುಗಳನ್ನು ಬಿಟ್ಟುಹೋಗಿದೆ. ಚರಿತ್ರೆಕಾರನಿಗೆ ಕಡತ ಸಿಕ್ಕಿತು. ಸ್ನಾನಘಟ್ಟದ ಕಡತ ಇರುವುದು ಹರಕೆಯ ಮಾತಿನಲ್ಲಿ, ಅಜ್ಜಯ್ಯನ ಹಾಡುಗಳಲ್ಲಿ, ನೀರಿನಿಂದ ಬಟ್ಟೆ ಎಳೆದು ಹಾಕುವವರ ನೆನಪಿನಲ್ಲಿ. ಅದನ್ನು ಓದಲು ಇಂಗ್ಲಿಷಿನ ಪರಿಸರ ಚರಿತ್ರೆಗೆ ಕನ್ನಡ ಬೇಕು. ಜಾನಪದವನ್ನು ಇಷ್ಟು ವರ್ಷ ಸಂಗ್ರಹಿಸಿದ ಕನ್ನಡ ವಿಭಾಗಗಳಿಗೆ ನೀರಿನ ಲೆಕ್ಕ ಬೇಕು. ಮಳೆಗಾಲದಲ್ಲಿ ಹೊಳೆ ಉಕ್ಕಿದಾಗ ಸ್ನಾನಘಟ್ಟ ಮುಳುಗಿ, ಫತ್ತೇಪುರದ ಹಾದಿ ಕಡಿದುಹೋಗುತ್ತದೆ. ನೀರು ಇಳಿದ ಮೇಲೆ ದಡದ ಮುಳ್ಳುಕಂಟಿಗಳಲ್ಲಿ ಸೀರೆ, ಅಂಗಿ, ಮಕ್ಕಳ ಚಡ್ಡಿಗಳು ಸಿಕ್ಕಿಕೊಂಡಿರುತ್ತವೆ.