ಕೋಲಿಗೆಷ್ಟು ಹಣ?

ಪೂಲ್ ಆಟ ಕಲಿಯುತ್ತಿರುವ ನಮ್ಮ ಮಗ 20,000 ರೂಪಾಯಿಯ ಕ್ಯೂ ಕೋಲನ್ನು ಬಯಸಿದ ತಿಂಗಳಲ್ಲಿಯೇ ಮಗಳ ಕಾಲೇಜು ಶುಲ್ಕವನ್ನೂ ಕಟ್ಟಬೇಕಾಗಿತ್ತು. ಕೋಲಿನ ಬೆಲೆ ಏರುವುದು ಬಹುಮಟ್ಟಿಗೆ ಹಿಡಿಯ ಅಲಂಕಾರದಿಂದ, ತಯಾರಕರ ಹೆಸರಿನಿಂದ. ಚೆಂಡಿಗೆ ತಾಗುವುದಾದರೋ ಸುಮಾರು 13 ಮಿಲಿಮೀಟರ್ ಅಗಲದ ತೊಗಲಿನ ತುದಿ ಮಾತ್ರ. ಅದು ಸವೆದರೆ ಅಲ್ಪ ವೆಚ್ಚದಲ್ಲಿ ಬದಲಿಸಬಹುದು. ಕೋಲು ನೆಟ್ಟಗಿರಬೇಕು, ತೂಕ ಕೈಗೊಪ್ಪಬೇಕು. ಸಾಮಾನ್ಯವಾಗಿ 18ರಿಂದ 21 ಔನ್ಸ್. ಕ್ಲಬ್ಬಿನಲ್ಲಿ ದಿನಕ್ಕೊಂದು ತೂಕದ ಕೋಲು ಸಿಕ್ಕರೆ ಕೈ ಪಳಗದೆಂಬ ಅವನ ವಾದವೂ ಸುಳ್ಳಲ್ಲ. ಆದುದರಿಂದ ಸ್ವಂತದ್ದು ಬೇಕು, ಅಲಂಕಾರ ಬೇಡವೆಂದು ನಿಶ್ಚಯಿಸಿದೆವು. ನಮ್ಮ ಯಜಮಾನರು 5,000 ಎಂದರು, ನಾನು 6,000 ಎಂದೆ. (ತಾಯಂದಿರ ಲೆಕ್ಕ ಯಾವಾಗಲೂ ತುಸು ಸಡಿಲವಷ್ಟೆ!) ಅಂಗಡಿಯಲ್ಲಿ ಅವನು ಕೋಲುಗಳನ್ನು ಒಂದೊಂದಾಗಿ ಮೇಜಿನ ಮೇಲೆ ಉರುಳಿಸಿ, ಓಲಾಡದೆ ಉರುಳಿದ ಮೇಪಲ್ ಮರದ ಕೋಲೊಂದನ್ನು ಆರಿಸಿದ. ಬೆಲೆ 6,500. ಕೊರತೆಯ 500 ರೂಪಾಯಿಯನ್ನು ಅತ್ತೆಯವರು ಹಿಂದಿನ ದಿನವೇ ಅವನ ಜೇಬಿಗಿಟ್ಟಿದ್ದರಂತೆ.