ಪೊಲೀಸೋ, ಪುಂಡನೋ?

ನೀಸ್ ಎಂದರೆ ಫ್ರಾನ್ಸಿನ ದಕ್ಷಿಣ ತೀರದ ಶೋಕಿ ಊರು. ‘ಫ್ಲಿಕ್ ಊ ವೊಯೂ’ (1979) ಚಿತ್ರದಲ್ಲಿ ಅಲ್ಲೊಬ್ಬ ಪೊಲೀಸ್ ಅಧಿಕಾರಿಯ ಕೊಲೆಯಾಗುತ್ತದೆ. ಅದರ ಬೆನ್ನಿಗೇ ಆಂತೋನಿಯೊ ಚೆರುತ್ತಿ ಎಂಬ ಪುಂಡನೊಬ್ಬ ಊರಿಗೆ ಕಾಲಿಡುತ್ತಾನೆ. ನಿಜದಲ್ಲಿ ಅವನು ಸ್ತಾನಿಸ್ಲಾಸ್ ಬೊರೊವಿಟ್ಸ್, ಪೊಲೀಸರ ಮೇಲೇ ಕಣ್ಣಿಡುವ ಪೊಲೀಸ್. ಮುಸಾರ್, ವೊಲ್ಫೋನಿ ಎಂಬ ಇಬ್ಬರು ದಾದಾಗಳು ಪರಸ್ಪರ ಕಚ್ಚಾಡುವಂತೆ ಕಡ್ಡಿ ಆಡಿಸುವುದು ಅವನ ತನಿಖೆಯ ಕ್ರಮ.

ಕಥೆ ಇಷ್ಟೇ. ಜನ ಬಂದದ್ದು ಕಥೆಗಲ್ಲ, ಬೊರೊವಿಟ್ಸ್ ಪಾತ್ರದ ನಟ ಜಾನ್ ಪಾಲ್ ಬೆಲ್ಮೊಂಡೊಗಾಗಿ.

ಚಪ್ಪಟೆ ಮೂಗು, ದಪ್ಪ ತುಟಿ, ಕಿವಿಯಿಂದ ಕಿವಿಗೆ ಹರಡುವ ನಗು. ಈ ಚಿತ್ರ ತೆರೆಗೆ ಬಂದಾಗ ಆತನಿಗೆ 45 ವರ್ಷ. ಶಿಲ್ಪಿಯ ಮಗ, ಹರೆಯದಲ್ಲಿ ಬಾಕ್ಸಿಂಗ್ ಆಡಿದವನು, ಪ್ಯಾರಿಸ್ಸಿನ ನಾಟಕಶಾಲೆಯಲ್ಲಿ ಪಳಗಿದವನು. 1960ರಲ್ಲಿ ನಿರ್ದೇಶಕ ಗೊದಾರ್ ಚಿತ್ರದಲ್ಲಿ ಪೊಲೀಸನನ್ನು ಕೊಂದು ತಲೆಮರೆಸಿಕೊಂಡಿದ್ದ ಈ ಮನುಷ್ಯ ಎಪ್ಪತ್ತರ ದಶಕದಲ್ಲಿ ತಾನೇ ಪೊಲೀಸಾದ. 1975ರ ‘ಪರ್ ಸುರ್ ಲಾ ವಿಲ್’ನಲ್ಲಿ ಓಡುವ ಮೆಟ್ರೊ ರೈಲಿನ ನೆತ್ತಿಯ ಮೇಲೆ ತೆವಳಿದ್ದು ಆತನೇ, ಡೂಪ್ ಅಲ್ಲ. ಹಾಗಾಗಿ ಬೊರೊವಿಟ್ಸ್ ಕೈ ಎತ್ತಿದರೆ ಏಟು ನಿಜವೆಂದೇ ನೋಡುವವರಿಗೆ ಅನಿಸುತ್ತದೆ.

ಆದರೆ ರುಚಿ ಇರುವುದು ಏಟಿನಲ್ಲಲ್ಲ, ಅದರ ಹಿಂದಿನ ನಿರಾಳದಲ್ಲಿ. ಕಠೋರ ಪೊಲೀಸರು ಸಾಮಾನ್ಯವಾಗಿ ಹಲ್ಲು ಕಚ್ಚುತ್ತಾರೆ, ಕಣ್ಣು ಕೆಂಪಗೆ ಮಾಡುತ್ತಾರೆ. ಬೊರೊವಿಟ್ಸ್‌ಗೆ ಸಿಟ್ಟೇ ಬರುವುದಿಲ್ಲ. ಮದುವೆ ಮನೆಯಲ್ಲಿ ಬೀಗರನ್ನು ರೇಗಿಸುವ ಸೋದರಮಾವನ ಗತ್ತಿನಲ್ಲಿ ದಾದಾಗಳ ಅಡ್ಡೆಗೆ ನುಗ್ಗುತ್ತಾನೆ. ದಿಢೀರನೆ ಬಂದಿಳಿಯುವ ಹದಿಹರೆಯದ ಮಗಳು ಚಾರ್ಲಟ್ ಎದುರಿಗೆ ಮಾತ್ರ ಈ ಶೂರ ತಡಬಡಾಯಿಸುತ್ತಾನೆ. ಇಡೀ ಚಿತ್ರದಲ್ಲಿ ಅವನಿಗೆ ಬೆವರು ಬರುವುದು ಅಲ್ಲೇ!

ಮಾತುಗಳು ಮಿಶೆಲ್ ಒಡಿಯಾರ್ ಅವರವು, ನಿರ್ದೇಶನ ಜಾರ್ಜ್ ಲೋತ್ನರ್ ಅವರದು. ವೊಲ್ಫೋನಿ ಎಂಬ ಹೆಸರೂ ಒಂದು ಒಳತಮಾಷೆ: ಇದೇ ಜೋಡಿ 1963ರ ‘ಲೇ ತೊಂತೊ ಫ್ಲಂಗರ್’ನಲ್ಲಿ ವೊಲ್ಫೋನಿ ಸೋದರರೆಂಬ ಪೆದ್ದು ರೌಡಿಗಳನ್ನು ತೆರೆಗೆ ತಂದಿತ್ತು. ಫ್ರೆಂಚ್ ಪ್ರೇಕ್ಷಕರು ಹೆಸರು ಕೇಳಿಯೇ ನಕ್ಕಿದ್ದರೆ ಆಶ್ಚರ್ಯವಿಲ್ಲ. ಸಂಭಾಷಣೆಗೆಂದೇ ಚಿತ್ರಮಂದಿರದಲ್ಲಿ ಶಿಳ್ಳೆ ಹೊಡೆದು ರೂಢಿಯಿರುವ ಕನ್ನಡಿಗರಿಗೆ ಒಡಿಯಾರ್ ಖ್ಯಾತಿಯ ಗುಟ್ಟು ಬಿಡಿಸಿ ಹೇಳಬೇಕಿಲ್ಲ.

ದೋಷಗಳಿಲ್ಲವೆಂದಲ್ಲ. ಮರೀ ಲಫೊರೆಯಂಥ ನಟಿಗೆ ಇಲ್ಲಿ ಅಲಂಕಾರದ ಕೆಲಸವೇ ಹೆಚ್ಚು. ಕಾನೂನನ್ನು ಗಾಳಿಗೆ ತೂರುವ ಪೊಲೀಸನಿಗೆ ಚಪ್ಪಾಳೆ ತಟ್ಟುವಾಗ ಒಂದಿಷ್ಟು ಮುಜುಗರವೂ ಆಗಬೇಕು. ಪರದೆಯ ಮೇಲೆ ಬೆಲ್ಮೊಂಡೊ ಇರುವಷ್ಟು ಹೊತ್ತು ಅದಕ್ಕೆ ಪುರುಸೊತ್ತೇ ಸಿಗುವುದಿಲ್ಲ.